ಪುಟ್ಟಬಸವಯ್ಯನ ಹಲ್ಲುಪುಡಿ

ಹದಿನಾರು ಎಂಬ ಊರಿನ ಪುಟ್ಟಬಸವಯ್ಯ ಸರ್ಕಾರದ ಗೊಬ್ಬರದಲ್ಲಿ ಹಲ್ಲುಜ್ಜಿದ. ಅದೂ ಎಂಬತ್ತನಾಲ್ಕನೇ ಇಸವಿಯ ಮೇ ತಿಂಗಳ ಒಂದು ಬೆಳಗ್ಗೆ, ಬೋರ್‌ವೆಲ್ ಮುಂದೆ, ಬಿಂದಿಗೆ ಹಿಡಿದು ನಿಂತ ಅರ್ಧ ಕೇರಿಯ ಎದುರಿಗೆ. ಗ್ರಾಮಸೇವಕ ಮಹದೇವ ಹಿಂದಿನ ದಿನ ಮನೆಗೆ ಕೊಟ್ಟುಹೋಗಿದ್ದ ಪೊಟ್ಟಣದಲ್ಲಿ ಇದ್ದಿಲಿನಂಥ ಕಪ್ಪು ಪುಡಿ ಇತ್ತು. ಅಂಗಡಿಯ ಹಲ್ಲುಪುಡಿಯೂ ಹಾಗೇ ಇರುತ್ತಿತ್ತು. ಓದು ಬಾರದವನಿಗೆ ಎರಡೂ ಒಂದೇ. ಸೈಕಲ್ಲಿನಲ್ಲಿ ಬಂದ ಮಹದೇವ ಆ ಕಪ್ಪು ಬಾಯಿ ನೋಡಿ ಕಾಲೂರಿ ನಿಂತುಬಿಟ್ಟ.

"ಏನಣ್ಣ ಮಾಡ್ದೆ? ಅದ್ರಲ್ಲಿ ಕೋಟಿಗಟ್ಲೆ ಜೀವ ಅವೆ ಕಣಣ್ಣ."

ಪುಟ್ಟಬಸವಯ್ಯ ಉಗಿದು ಹೇಳಿದ, "ಒಂದೂ ಕಚ್ನಿಲ್ವಲ್ಲಪ್ಪ."

ಅಂದಿನಿಂದ ಅವನ ಹೆಸರು ಅಲ್ಲುಪುಡಿ. ಹುಡುಗರು, ಮುದುಕರು, ಕೊನೆಗೆ ಸ್ವಂತ ಹೆಂಡತಿ ಮಾದಮ್ಮ ಕೂಡ ಹಾಗೆ ಕರೆದು ನಕ್ಕರು. ಅವನಿಗೆ ಅದು ಎಷ್ಟು ನಾಟಿತೆಂದರೆ, ಹಲ್ಲು ಕಾಣದಂತೆ ಮಾತಾಡುವುದನ್ನು ಐವತ್ತೈದನೆಯ ವಯಸ್ಸಿನಲ್ಲಿ ಕಲಿತ.

ನಗುವ ಕಾಲವೂ ಅದಾಗಿರಲಿಲ್ಲ. ನಲವತ್ತು ವರ್ಷ ಇನ್ನೊಬ್ಬರ ಹೊಲದಲ್ಲಿ ಆಳಾಗಿ ದುಡಿದವನಿಗೆ ಸರ್ಕಾರ ಮುಕ್ಕಾಲು ಎಕರೆ ಮಂಜೂರು ಮಾಡಿತ್ತು. ಅಲ್ಲಿ ಜೋಳ ಗೇಣುದ್ದ ಬೆಳೆದು, ಎಲೆ ನೇರಳೆ ಬಣ್ಣಕ್ಕೆ ತಿರುಗಿ, ಅಷ್ಟಕ್ಕೇ ನಿಲ್ಲುತ್ತಿತ್ತು. ಈ ಮುಂಗಾರಿಗೂ ಬೆಳೆ ಬರದಿದ್ದರೆ ಮಂಜೂರಾತಿ ರದ್ದು ಎಂದು ನಂಜನಗೂಡಿನ ತಾಲ್ಲೂಕು ಕಚೇರಿಯಿಂದ ನೋಟೀಸು ಬಂದಿತ್ತು. ಮಣ್ಣಿನಲ್ಲಿ ಬೆಳೆಗೆ ಬೇಕಾದ ರಂಜಕ ಇದೆ, ಆದರೆ ಕಲ್ಲಿನಂತೆ ಕಟ್ಟಿಕೊಂಡಿದೆ, ಈ ಪುಡಿಯ ಜೀವಿಗಳು ಹುಳಿ ಬಿಟ್ಟು ಅದನ್ನು ಕರಗಿಸಿ ಬೇರಿಗೆ ಕೊಡುತ್ತವೆ ಎಂದು ಮಹದೇವ ವಿವರಿಸಿದ. ರಂಜಕ ಎಂಬ ಹೆಸರಿದ್ದರೂ ಅದು ಇಷ್ಟು ವರ್ಷ ಆ ಮನೆಯಲ್ಲಿ ಯಾರನ್ನೂ ರಂಜಿಸಿರಲಿಲ್ಲ.

"ಕಣಜ್ದಾಗೆ ರಾಗಿ ಅದೆ, ಬೀಗದ ಕೈ ಗೌಡ್ರ ಸೊಂಟದಾಗದೆ ಅನ್ನು" ಎಂದ ಪುಟ್ಟಬಸವಯ್ಯ. ಅವನಿಗೆ ಬೇಗ ಅರ್ಥವಾಯಿತು.

ಮಹದೇವ ಇನ್ನೊಂದು ಪೊಟ್ಟಣ ತಂದುಕೊಟ್ಟ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲೇ ಒಣಗಿಸಿ ಎಂದು ಎರಡು ಸಲ ಹೇಳಿದ. ಮಾದಮ್ಮ ಅಚ್ಚುಕಟ್ಟಾಗಿ ಹಚ್ಚಿದಳು. ಆದರೆ ಸೂರ್ಯ ಕಾಣದ ಬೀಜವನ್ನು ಆ ಮನೆಯಲ್ಲಿ ಯಾರೂ ಎಂದೂ ಬಿತ್ತಿರಲಿಲ್ಲ. ಮೊರಕ್ಕೆ ಅರಿಸಿನ ಕುಂಕುಮ ಇಟ್ಟು, ಬೀಜ ಹರಡಿ, ನಡುಹೊತ್ತಿನವರೆಗೂ ಅಂಗಳದಲ್ಲಿ ಸೂರ್ಯದೇವರಿಗೆ ತೋರಿಸಿದಳು. ಮೇ ತಿಂಗಳ ದೇವರು ಕಣ್ಣುಬಿಟ್ಟು ನೋಡಿದ. ಕೋಟಿ ಜೀವಗಳು ಪೂಜೆಯಲ್ಲೇ ಮುಗಿದವು. ಮೊರದಲ್ಲಿ ಹಿಡಿಸದ ನಾಲ್ಕು ಹಿಡಿ ಬೀಜ ಮಾತ್ರ ಒಳಗೆ ತಣ್ಣನೆಯ ಮಡಕೆಯಲ್ಲಿ ಉಳಿಯಿತು.

ಬಿತ್ತನೆಯಾದ ಮಾರನೆಯ ದಿನ ಮಾದಮ್ಮನಿಗೆ ವಾಂತಿಭೇದಿ ಶುರುವಾಯಿತು. ಗಾಡಿ ನಂಜನಗೂಡಿನ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು.

ಕೇರಿಯವರ ಸ್ಮಶಾನಕ್ಕೆ ಊರಿನ ಜಮೀನ್ದಾರ ಸಿದ್ದಮಲ್ಲಪ್ಪನ ಹೊಲದ ಮೇಲೇ ಹೋಗಬೇಕು. ಅವನು ಬದುವಿನ ಮೇಲೆ ನಿಂತಿದ್ದ.

"ಈಗ್ತಾನೆ ಬಿತ್ತಿವ್ನಿ ಕಣ್ಲಾ. ತುಳೀಬ್ಯಾಡಿ."

"ಎಣ ಒತ್ಕೊಂಡು ಎಲ್ಲಿಗೋಗವಾ ಬುದ್ಧಿ?" ಎಂದ ಪುಟ್ಟಬಸವಯ್ಯ.

"ನಿಂಗೂ ಜಮೀನು ಕೊಟ್ಟದಲ್ಲ ಸರ್ಕಾರ."

ಚಟ್ಟ ಹೊತ್ತವರು ಹೊತ್ತಿಳಿಯುವವರೆಗೆ ಕಾದರು. ಕೊನೆಗೆ ಮುಕ್ಕಾಲು ಎಕರೆಯ ಮೂಲೆಯಲ್ಲೇ ಮಣ್ಣು ಮಾಡಿದರು. ಉಳುಮೆಗೆಂದು ಕೊಟ್ಟ ಜಮೀನಿನಲ್ಲಿ ಹೆಣ ಹೂಳಿದ್ದು ಕಚೇರಿಗೆ ಗೊತ್ತಾದರೆ ಹೆಣವನ್ನು ಕೀಳಿಸುತ್ತಾರೆ ಎಂದು ಯಾರೋ ಹೆದರಿಸಿದರು. ಮೂರನೆಯ ದಿನ ಹಾಲುತುಪ್ಪ ಬಿಟ್ಟ ಮೇಲೆ ಪುಟ್ಟಬಸವಯ್ಯ ದಿಬ್ಬವನ್ನು ಸಮ ಮಾಡಿ, ಮಡಕೆಯ ಬೀಜ ತಂದು ಅದರ ಮೇಲೆ ಕೈಯಾರೆ ಬಿತ್ತಿದ. ಅವಳ ಕೈಯೇ ಬೆಲ್ಲದ ನೀರು ಹಚ್ಚಿದ್ದ ಬೀಜ.

ಎರಡು ತಿಂಗಳಿಗೆ ಹೊಲವೆಲ್ಲ ಎಂದಿನಂತೆ ಗೇಣುದ್ದ, ನೇರಳೆ. ಮೂಲೆಯಲ್ಲಿ ಮಾತ್ರ ಆಳುದ್ದದ ಒಂದು ಪಟ್ಟಿ, ಸೊಂಟದೆತ್ತರ, ಕಡುಹಸಿರು.

ನಂಜನಗೂಡಿನಿಂದ ಕೃಷಿ ಅಧಿಕಾರಿ ವ್ಯಾಸರಾಜರು ಜೀಪಿನಲ್ಲಿ ಬಂದರು. ಬೆಳೆ ಇದೆಯೋ ಇಲ್ಲವೋ ಎಂದು ವರದಿ ಬರೆಯಬೇಕಾದವರು ಅವರೇ. ನೇರಳೆ ಎಲೆ ನೋಡುತ್ತ ಬಂದು ಹಸಿರಿನ ಮುಂದೆ ನಿಂತರು. ಅವರ ಮುಖವೂ ಚಿಗುರಿತು.

"ನೋಡಿ ಮಹದೇವ, ಪುಡಿ ಕೆಲಸ ಮಾಡಿದೆ. ಈ ಜಮೀನು ಬೆಳೆಯೋ ಜಮೀನೇ ಅಂತ ಇವತ್ತೇ ತಹಸೀಲ್ದಾರರಿಗೆ ಬರೀತೀನಿ. ನಿಮ್ಮ ಹೊಲ ಉಳೀತು ಬಿಡ್ರಿ, ಪುಟ್ಟಬಸವಯ್ಯ."

ಪುಟ್ಟಬಸವಯ್ಯ ಕೈ ಮುಗಿದ.

"ಈ ಮಣ್ಣು ಮೈಸೂರಿನ ಲ್ಯಾಬಿಗೆ ಹೋಗಬೇಕು. ಪುಡಿ ಬಿದ್ದ ಜಾಗದ್ದೇ ಆಗಬೇಕು, ನಾಲ್ಕಡಿ ಆಳದಿಂದ. ಗುದ್ದಲಿ ತಗೊಂಡ್ಬಾರಪ್ಪ."

ಮಹದೇವ ನೆಲ ನೋಡಿದ. ಹಿಂದೆ ನಿಂತಿದ್ದ ಕೇರಿಯವರೂ ನೆಲ ನೋಡಿದರು. ಜೀಪಿನ ಡ್ರೈವರ್ ಗುದ್ದಲಿ ತಂದ. ವ್ಯಾಸರಾಜರು ಪೆನ್ನಿನ ಮುಚ್ಚಳ ತೆಗೆದು ಕೇಳಿದರು:

"ಇಲ್ಲಿಗೆ ಎಷ್ಟು ಪೊಟ್ಟಣ ಹಾಕಿದ್ರಿ?"

ಪುಟ್ಟಬಸವಯ್ಯ ಎರಡು ತಿಂಗಳಲ್ಲಿ ಮೊದಲ ಸಲ ಹಲ್ಲಷ್ಟೂ ಕಾಣುವಂತೆ ಬಾಯಿ ತೆರೆದ.

"ಒಂದೂ ಆಕಿಲ್ಲ ಸಾ. ಎಲ್ಲಾನೂ ಅಲ್ಲುಜ್ಜಿ ಮುಗಿಸ್ಬುಟ್ಟೆ."