ವಿಮಾನಕ್ಕನ ವಿಮಾನ

ಓಣಿಯವರಿಗೆಲ್ಲ ಅವಳು ವಿಮಾನಕ್ಕ. ಹಾಗಂತ ಪೈಲಟ್ಟೂ ಅಲ್ಲ, ಗಗನಸಖಿಯೂ ಅಲ್ಲ. ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ತನ್ನ ಕೋಣೆಯಲ್ಲಿ ಕೂತು ಮೇಣ ತಿದ್ದಿ, ಹಲ್ಲು ಜೋಡಿಸಿ, ಗುಲಾಬಿ ಒಸಡು ಕಟ್ಟಿ ಕೊಡುತ್ತಾಳೆ. ಸುತ್ತಮುತ್ತಲಿನ ಅರ್ಧಕ್ಕರ್ಧ ಹಿರಿಯರು ಬಾಯ್ತುಂಬ ನಗುವುದು ಇವಳ ಕೃಪೆಯಿಂದ. ಆದರೂ ಹೆಸರು ವಿಮಾನಕ್ಕ, ಯಾಕೆಂದರೆ ಅವಳು ಹುಟ್ಟಿದ್ದು ವಿಮಾನದಲ್ಲಿ. ಅದೂ ಹಾರುತ್ತಿದ್ದ ವಿಮಾನದಲ್ಲಿ!

ಆ ವರ್ಷ ಹೊಳೆ ಉಕ್ಕಿ ಸೇತುವೆ ಕೊಚ್ಚಿಕೊಂಡು ಹೋಗಿತ್ತು. ಅಮ್ಮನಿಗೆ ಹೆರಿಗೆ ನೋವು, ಕೂಸು ಜಪ್ಪಯ್ಯ ಅಂದರೂ ಹೊರಗೆ ಬರಲೊಲ್ಲದು. ಕೊನೆಗೆ ಸೈನ್ಯದವರ ಪುಟ್ಟ ವಿಮಾನವೊಂದು ಶಾಲೆಯ ಮೈದಾನದಲ್ಲಿ ಇಳಿಯಿತು. ಬಂದೂಕಿಲ್ಲ, ಬಾಂಬಿಲ್ಲ; ಒಂದು ಪಾಳೆಯದಿಂದ ಇನ್ನೊಂದಕ್ಕೆ ಟಪಾಲು, ಅಧಿಕಾರಿಗಳು, ಗಾಯಾಳುಗಳನ್ನು ಹೊತ್ತು ತಿರುಗುವ ವಿಮಾನ. ಒಂದೇ ಎಂಜಿನ್ನು, ನೆತ್ತಿಯ ಮೇಲೆ ರೆಕ್ಕೆ, ಸುತ್ತಲೂ ಗಾಜು. ಪೈಲಟ್ಟನ ಹಿಂದೆ ಅಮ್ಮನನ್ನು ಮಲಗಿಸಿ, ಪಕ್ಕದಲ್ಲಿ ನರ್ಸಮ್ಮನನ್ನು ತುರುಕಿ ಹಾರಿಸಿಕೊಂಡು ಹೋದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇವಳು ಬಂದೇಬಿಟ್ಟಿದ್ದಳು.

ಇದೆಲ್ಲ ಓಣಿಯವರು ಹೇಳಿದ ಕಥೆ. ಅಮ್ಮ ಮಾತ್ರ ಬಾಯಿ ಬಿಟ್ಟವಳಲ್ಲ. ಲೋಕದ ಸುದ್ದಿಯೆಲ್ಲ ಆಡುವ ಅಮ್ಮ, ವಿಮಾನದ ಮಾತೆತ್ತಿದರೆ, "ಅದೆಲ್ಲ ಈಗ ಯಾಕೆ? ಕಣ್ಣು ಮುಚ್ಕೊಂಡಿದ್ದೆ, ಮುಗೀತು" ಎಂದು ಎದ್ದು ಹೋಗುತ್ತಿದ್ದಳು. ಐವತ್ತು ದಾಟಿದರೂ ವಿಮಾನಕ್ಕನನ್ನು ಇದು ಒಳಗೊಳಗೇ ಕೊರೆಯುತ್ತಿತ್ತು. ತಾನು ಹುಟ್ಟಿದ ಗಳಿಗೆ ಅಮ್ಮನಿಗೆ ಬೇಡವಾದ ಗಳಿಗೆಯೇ ಇರಬೇಕು. ಗಂಡನ ಹತ್ತಿರ ಒಮ್ಮೆ ಹೇಳಿಕೊಂಡು ಅತ್ತೂ ಇದ್ದಳು.

ಗಂಡ ಬಸ್ ಡ್ರೈವರು, ಮಾತು ಕಡಿಮೆ. ಒಂದು ದಿನ ಅಂಥದ್ದೇ ವಿಮಾನದ ಮಾದರಿ ಜೋಡಿಸುವ ಕಿಟ್ ಎಲ್ಲಿಂದಲೋ ಹುಡುಕಿ ತಂದು ಅವಳ ಮುಂದಿಟ್ಟ. "ಕಟ್ಟು. ಅತ್ತೆ ಕಣ್ಣೆದುರಿಗೆ ಇಡು. ಆಗ ಹೇಗೆ ಸುಮ್ಮನಿರ್ತಾರೆ ನೋಡೋಣ."

ಅವಳಿಗೆ ಅಷ್ಟೇ ಸಾಕಾಯಿತು. ಹಲ್ಲಿನ ಕೆಲಸ ಮುಗಿದ ಮೇಲೆ ಅದೇ ಮೇಜಿನ ಮೇಲೆ ವಿಮಾನ. ರೆಕ್ಕೆಗೆ ಊರುಗೋಲು ನಿಲ್ಲಿಸಿದಳು, ಬಾಲಕ್ಕೆ ಗುಂಡುಸೂಜಿ ತಲೆಯಷ್ಟು ಪುಟ್ಟ ಚಕ್ರ ಕೂರಿಸಿದಳು, ಹಿಂದಿನ ಸೀಟು ಕಿತ್ತು ತೆಳ್ಳಗಿನ ಹಾಸಿಗೆ ಹಾಸಿದಳು. ಹಲ್ಲಿಗೆ ಹೊಳಪು ಕೊಡುವ ಬ್ರಷ್ಷಿನಲ್ಲೇ ಮೈಯನ್ನು ನುಣ್ಣಗೆ ಉಜ್ಜಿದಳು. ಮೊಳಕೈ ಉದ್ದದ ವಿಮಾನ ಮುದ್ದಾಗಿ ಎದ್ದು ನಿಂತಿತು. ಅಮ್ಮ ಬಂದು, ಕನ್ನಡಕ ಏರಿಸಿ, ಪಳಪಳ ಹೊಳೆಯುವ ಕಿಟಕಿಗಳನ್ನು ನೋಡಿ, "ಚೆನ್ನಾಗಿದೆ. ಆದ್ರೆ ಇದಲ್ಲ ಬಿಡು" ಎಂದು ಹೋಗಿಬಿಟ್ಟಳು. ವಿಮಾನಕ್ಕನ ಮುಖ ಸಣ್ಣಗಾಯಿತು.

ಕಿಟಕಿಯ ಅಂಚಿನಲ್ಲಿ ಕೂದಲೆಳೆಯ ಸಂದು ಉಳಿದಿತ್ತು. ಅದಕ್ಕೇ ಹೀಗಂದಳೇನೋ ಎಂದುಕೊಂಡು ಮುಚ್ಚಲು ಕೂತಳು. ಕಿಟ್ಟಿನ ಜೊತೆ ಬಂದ ಅಂಟು ಇತ್ತು, ಆದರೆ ಅದರ ಮೇಲೆ ಇವಳಿಗೆ ನಂಬಿಕೆ ಇಲ್ಲ. ಒಸಡು ಕಟ್ಟುವ ಪುಡಿ ಮತ್ತು ದ್ರವ ಇದ್ದಾಗ ಬೇರೆಯವರ ಅಂಟು ಯಾಕೆ? ಸಂದಿಗೆ ಪುಡಿ ಉದುರಿಸಿ, ಮೇಲೆ ದ್ರವ ತೊಟ್ಟಿಕ್ಕಿಸಿ, ಧೂಳು ಕೂರದಿರಲೆಂದು ದೊಡ್ಡ ಪಾತ್ರೆ ಕವುಚಿಟ್ಟು ಊಟಕ್ಕೆ ಎದ್ದಳು. ದಿನಾ ಹಲ್ಲಿನ ಸೆಟ್ಟಿಗೆ ಮಾಡುವುದೂ ಹೀಗೆಯೇ. ಆದರೆ ಆ ದ್ರವದ ಹಬೆ ತೆಳು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ.

ಬಂದು ಪಾತ್ರೆ ಎತ್ತಿದಳು. ಒಂದು ಕಿಟಕಿಯೂ ಉಳಿದಿರಲಿಲ್ಲ. ಎಲ್ಲ ಮಬ್ಬು, ಹಾಲಿನಂತೆ ಬೆಳ್ಳಗೆ. "ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಬೀಳ!" ಎಂದು ಚೀರಿದಳು. ಗಂಡ ಓಡಿ ಬಂದ, ಅವನ ಹಿಂದೆ ಅಮ್ಮ.

"ಅಳ್ಬೇಡ್ವೇ, ಹೊಸ ಕಿಟಕಿ ತರಿಸೋಣ" ಎಂದ ಗಂಡ.

ಅಮ್ಮ ಕುರ್ಚಿ ಎಳೆದು ಕೂತು, ವಿಮಾನವನ್ನು ಮಡಿಲಿಗೆ ಇಟ್ಟುಕೊಂಡಳು. ಅದರ ಬಾಗಿಲಿನ ಸಂದಿಯಿಂದ ಒಳಗೆ ಇಣುಕಿದಳು. ಕಿರುಬೆರಳು ತೂರಿಸಿ ಆ ಪುಟ್ಟ ಹಾಸಿಗೆಯನ್ನು ಮುಟ್ಟಿದಳು.

"ತರಿಸಿದ್ರೆ ನೋಡು!" ಎಂದಳು ಅಳಿಯನಿಗೆ. "ಇದೇ ಕಣಪ್ಪ. ಹೀಗೇ ಇತ್ತು. ಹೊರಗೆ ಮಳೆ, ಒಳಗೆ ನಮ್ಮ ಉಸಿರು. ಗಾಜೆಲ್ಲ ಬೆಳ್ಳಗೆ. ಪಾಪ ಆ ಪೈಲಟ್ಟು ತೋಳಲ್ಲಿ ಒರೆಸೋನು, ಮತ್ತೆ ಮಂಜು ಹಿಡಿಯೋದು. ನಾನು ಕಿರುಚಿದಾಗೆಲ್ಲ ಅವನೂ ಕಿರುಚೋನು!"

ಅಮ್ಮ ನಕ್ಕಳು, ನಕ್ಕು ನಕ್ಕು ಮಗಳೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಸಡಿಲಾಗಿ ಕೈ ಅಡ್ಡ ಹಿಡಿದಳು. ವಿಮಾನಕ್ಕ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

"ಮತ್ತೆ ಕಣ್ಣು ಮುಚ್ಕೊಂಡಿದ್ದೆ ಅಂತಿದ್ಯಲ್ಲಮ್ಮ?"

"ಏನು ಮಾಡ್ಲೇ? ಓಣಿಗೇ ವಿಮಾನ ಹತ್ತಿದವಳು ನಾನೊಬ್ಬಳು. ಎಲ್ಲರೂ ಕೇಳೋರು, ಮೇಲಿಂದ ಹೊಳೆ ಹೇಗೆ ಕಾಣ್ತು, ಮೋಡ ಹೇಗಿತ್ತು ಅಂತ. ಏನೂ ನೋಡ್ಲಿಲ್ಲ ಅಂದ್ರೆ ನಗ್ತಾರೆ ಅಂತ ನಾಚಿಕೆ. ಅದಕ್ಕೇ ಕಣ್ಣು ಮುಚ್ಚಿದ್ದೆ ಅಂದುಬಿಟ್ಟೆ, ಆಮೇಲೆ ಅದೇ ಮಾತಾಯ್ತು."

"ಹಾಗಾದ್ರೆ ನಾನು ಹುಟ್ಟಿದ್ದು ನಿಂಗೆ ಬೇಜಾರಿಲ್ವಾ?" ಕೇಳಿದಳು ಮಗಳು.

"ಥೂ ಹುಚ್ಚಿ!" ಅಮ್ಮ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ನರ್ಸಮ್ಮ ನಿನ್ನ ತಂದು ಎದೆ ಮೇಲೆ ಹಾಕಿದ್ಲು. ಕಿಟಕಿಯಲ್ಲಿ ಏನೂ ಕಾಣ್ತಿರಲಿಲ್ಲ. ಇಳಿಯೋವರೆಗೂ ನಿನ್ನ ಮುಖಾನೇ ನೋಡ್ತಾ ಬಂದೆ."