ಇಳಿಜಾರಿಲ್ಲದ ನಾಡಿನಲ್ಲಿ ಎಲ್ಕ್

ಶುಕ್ರವಾರದ ಮೊದಲ ಬಾಣವನ್ನು ಮಾತ್ರ ನಾನು ಬರೆದಿಡುತ್ತೇನೆ. ಆಮೇಲಿನವು ಎಷ್ಟು ಚೆನ್ನಾಗಿ ನಾಟಿದರೂ ಲೆಕ್ಕಕ್ಕಿಲ್ಲ. ಕೈ ಪಳಗಿದ ಮೇಲೆ ಗುರಿ ಹೊಡೆಯುವುದು ದೊಡ್ಡದಲ್ಲ. ಕಾಡಿನಲ್ಲಿ ಪ್ರಾಣಿ ಎದುರಾದಾಗ ಬೆರಳು ಮರಗಟ್ಟಿರುತ್ತದೆ, ಸಿಗುವುದು ಒಂದೇ ಅವಕಾಶ. ಇದನ್ನು ಕಲಿಸಿದವನು ಬಹ್ರೇನಿನ ಸೀಫ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿದ್ದ ಅಮೆರಿಕದ ಗೆಳೆಯ. ಊರಿಗೆ ಮರಳುವಾಗ ತನ್ನ ಹಳೆಯ ಬಿಲ್ಲನ್ನೂ, ಬಿಲ್ಲುಗಾರಿಕೆಯ ಮೈದಾನದಲ್ಲಿ ಗುರಿಗೆಂದು ನಿಲ್ಲಿಸಿದ್ದ ಫೋಮಿನ ಎಲ್ಕನ್ನೂ ನನಗೆ ಬಿಟ್ಟುಹೋದ. ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಗಾತ್ರದಲ್ಲಿ ಇನ್ನೂ ದೊಡ್ಡದು.

ನಾನಿರುವುದು ಮನಾಮದ ಜಿಂಜ್‌ನಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕ ನರ್ಸ್. ಇಲ್ಲಿ ವಾರದ ರಜೆ ಶುಕ್ರವಾರ. ಅಂದು ಬೆಳಿಗ್ಗೆ ಅವಳು ರಾತ್ರಿ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ನಾನು ಬಿಲ್ಲಿನ ಚೀಲ ಹಿಡಿದು ಬಾಗಿಲಲ್ಲಿರುತ್ತೇನೆ.

"ಎಂಥ ಮಾರಾಯ, ಇವತ್ತು ಸಹ ಆ ಸ್ಪಂಜಿನ ಎಮ್ಮೆಗೆ ಹೊಡೀಲಿಕ್ಕಾ?"

"ಎಮ್ಮೆ ಅಲ್ಲಕ್ಕ."

"ಓಡುದಿಲ್ಲ, ಸಾಯುದಿಲ್ಲ. ಅದಕ್ಕೆ ಕಾಣಬಾರದು ಅಂತ ಇವನ ಹಸಿರು ಅಂಗಿ ಬೇರೆ."

ನಿಜವಾದ ಎಲ್ಕನ್ನು ನಾನು ಕಂಡದ್ದು ಎರಡು ವರ್ಷಗಳ ಹಿಂದಿನ ಸೆಪ್ಟೆಂಬರಿನಲ್ಲಿ. ಬೇಟೆಯ ಪರವಾನಗಿ ಪಡೆದು ಗೆಳೆಯನ ಊರಿಗೆ ಹೋದೆ. ಅವನು ಬೆಟ್ಟದ ಬುಡದವರೆಗೆ ಕಾರಿನಲ್ಲಿ ಬಿಟ್ಟ. "ಮೇಲೆ ನೀನೊಬ್ಬನೇ ಹೋಗು. ಇಬ್ಬರಾದರೆ ಸದ್ದೂ ಎರಡು, ವಾಸನೆಯೂ ಎರಡು," ಎಂದ. ಆರು ದಿನ ಒಬ್ಬನೇ ಇದ್ದೆ. ಮನಾಮದಲ್ಲಿ ಏಸಿಯ ಸದ್ದಿಲ್ಲದೆ ಮಲಗಿ ಗೊತ್ತಿಲ್ಲದ ನನಗೆ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ಎಲ್ಕ್ ಕೂಗಿತು. ಅಷ್ಟು ದೊಡ್ಡ ಪ್ರಾಣಿಯ ಗಂಟಲಿನಿಂದ ಅಷ್ಟು ತೆಳ್ಳಗಿನ, ಕೊಳಲಿನಂಥ ದನಿ ಬರಬಹುದೆಂದು ನಾನು ಎಣಿಸಿರಲಿಲ್ಲ. ದನಿ ಏರುತ್ತಾ ಹೋಗಿ, ಕೊನೆಗೆ ಗೊರಗೊರ ಎಂದು ಮುಗಿಯಿತು. ಬಳಿಕ ದಿನವಿಡೀ ಕಾದದ್ದು ಅದೇ ಕೂಗಿಗೆ.

ಆರನೆಯ ದಿನ ಅದು ನನ್ನ ಕೆಳಗಿನ ಕಡಿದಾದ ಇಳಿಜಾರಿನಲ್ಲಿ ಬಂದು ನಿಂತಿತು. ದೂರ ಅಳೆಯುವ ಯಂತ್ರ ನಲವತ್ತೈದು ಗಜ ಎಂದಿತು. ನಲವತ್ತೈದಕ್ಕೆ ಗುರಿಯಿಟ್ಟು ಬಿಟ್ಟೆ. ಬಾಣ ಅದರ ಬೆನ್ನಿನ ಮೇಲಿನಿಂದ ಹಾರಿಹೋಯಿತು. ಎಲ್ಕ್ ತಲೆಯೆತ್ತಿ ಒಮ್ಮೆ ನೋಡಿ ಮರಗಳ ನಡುವೆ ಮರೆಯಾಯಿತು.

ಸಂಜೆ ಬೆಟ್ಟ ಇಳಿದು ಬಂದಾಗ ಗೆಳೆಯ ಕೇಳಿದ: "ಕೆಳಮುಖವಾಗಿ ಯಾವತ್ತಾದರೂ ಹೊಡೆದಿದ್ದೀಯಾ?"

ಹೊಡೆದಿರಲಿಲ್ಲ. ಬಹ್ರೇನ್ ಕಾವಲಿಯ ಹಾಗೆ ಚಪ್ಪಟೆ. ನನ್ನ ಮರಳು ಮೈದಾನದಲ್ಲಿ ಎಲ್ಲ ದೂರಗಳೂ ನೆಲಕ್ಕೆ ಸಮ. ಇಳಿಜಾರಿನಲ್ಲಿ ಕಣ್ಣಿಗೆ ಕಾಣುವ ದೂರಕ್ಕಿಂತ ಕಡಿಮೆ ದೂರಕ್ಕೆ ಗುರಿಯಿಡಬೇಕು, ಇಲ್ಲವಾದರೆ ಬಾಣ ಮೇಲಕ್ಕೆ ಹೋಗುತ್ತದೆ. ಓದಿ ತಿಳಿದಿದ್ದೆ. ಕೈಗೆ ತಿಳಿದಿರಲಿಲ್ಲ.

ಮರಳಿ ಬಂದ ಮೇಲೆ, ಬಣ್ಣ ಬಳಿಯುವವರು ಹತ್ತುವಂಥ ಕಬ್ಬಿಣದ ಅಟ್ಟಣೆಯೊಂದನ್ನು ಗುದೈಬಿಯಾದಲ್ಲಿ ಬಾಡಿಗೆಗೆ ಹಿಡಿದೆ. ಮೈದಾನದವರನ್ನು ಒಪ್ಪಿಸಿ ಅದನ್ನು ಅಲ್ಲಿ ನಿಲ್ಲಿಸಿದೆ. ಅದರ ತುದಿಯಲ್ಲಿ ನಿಂತು ಕೆಳಗಿನ ಫೋಮಿನ ಎಲ್ಕಿಗೆ ಹೊಡೆಯುವುದು ನನ್ನ ಹೊಸ ಅಭ್ಯಾಸ. ಅದರ ಎದೆಯ ಮೇಲೆ ಅಂಗೈಯಗಲದ ಒಂದು ವೃತ್ತ ಬರೆದೆ. ಸತತ ಐದು ಶುಕ್ರವಾರ ಮೊದಲ ಬಾಣ ಅದರೊಳಗೆ ಬಿದ್ದರೆ ಮಾತ್ರ ಮತ್ತೆ ಹೋಗುವುದು ಎಂದು ನನಗೆ ನಾನೇ ಕರಾರು ಹಾಕಿಕೊಂಡೆ.

ಈ ವರ್ಷ ಜೂನ್ ಹೊತ್ತಿಗೆ ಸತತ ನಾಲ್ಕು ಶುಕ್ರವಾರ ಬಾಣ ವೃತ್ತದೊಳಗೆ ಬಿತ್ತು. ಅಷ್ಟರಲ್ಲಿ ಮ್ಯಾನೇಜರ್ ಕೇಳಿದರು: ಸೆಪ್ಟೆಂಬರಿನಲ್ಲಿ ನಿಮ್ಮ ವಿಭಾಗದಿಂದ ಒಬ್ಬರಿಗೆ ಮಾತ್ರ ರಜೆ, ನಿಮಗೋ, ಅವರಿಗೋ? ಅವರು ಎಂದರೆ ನನ್ನ ಎದುರಿಗೆ ಕೂರುವ ಕಾಸರಗೋಡಿನ ಸಹೋದ್ಯೋಗಿ. ತಂಗಿಯ ಮದುವೆಗೆಂದು ಅವರೂ ಅದೇ ರಜೆಗೆ ಕಾಯುತ್ತಿದ್ದರು. ಭಾನುವಾರ ಹೇಳುತ್ತೇನೆ ಎಂದೆ.

ಐದನೆಯ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಅಟ್ಟಣೆಯ ಕಂಬಿ ಮುಟ್ಟಲಾಗದಷ್ಟು ಬಿಸಿ. ಗಾಳಿ ಇರಲಿಲ್ಲ. ಬಾಣ ಬಿಟ್ಟೆ, ಇಳಿದು ಹೋಗಿ ನೋಡಿದೆ. ವೃತ್ತದಿಂದ ಎರಡು ಬೆರಳು ಹಿಂದೆ, ಹೊಟ್ಟೆಯ ಕಡೆಗೆ ನಾಟಿತ್ತು.

ಮನೆಯಲ್ಲಿ ಅಕ್ಕ ನೀರುದೋಸೆ ಹೊಯ್ಯುತ್ತಿದ್ದಳು. ನನ್ನ ಮುಖ ನೋಡಿ, "ಎಷ್ಟು ತಪ್ಪಿತು?" ಎಂದಳು.

"ಎರಡು ಬೆರಳು."

"ಅಷ್ಟೇ ಅಲ್ವಾ? ಒಳಗೇ ಬಿತ್ತು ಅಂತ ಬರ್ಕೊ. ಯಾರು ನೋಡ್ಲಿಕ್ಕೆ ಬರ್ತಾರೆ?"

"ಯಾರೂ ಇಲ್ಲ. ಅದೇ ಕಷ್ಟ ಅಕ್ಕ. ಹೊಟ್ಟೆಯ ಕಡೆ ಬಿದ್ದರೆ ನಿಜವಾದ ಎಲ್ಕ್ ಕೂಡಲೆ ಸಾಯುವುದಿಲ್ಲ. ಗಾಯ ಹೊತ್ತು ಎಷ್ಟೋ ದೂರ ಹೋಗಿ ಮಲಗುತ್ತದೆ. ಹುಡುಕಲು ಇರುವವನು ನಾನೊಬ್ಬನೇ."

ಅಕ್ಕ ಕಾವಲಿಯ ಕಡೆಗೆ ತಿರುಗಿದಳು. ಹೊಟ್ಟೆಗೆ ಪೆಟ್ಟಾದವರನ್ನು ವಾರ್ಡಿನಲ್ಲಿ ನೋಡುವವಳು ಅವಳು. "ಹಾಗಾದ್ರೆ ಹೋಗ್ಬೇಡ," ಎಂದಳು. ಆಮೇಲೆ ಎಮ್ಮೆಯ ಮಾತು ಎತ್ತಲಿಲ್ಲ.

ಭಾನುವಾರ ರಜೆಯನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟೆ. ಅವರು ಮಧ್ಯಾಹ್ನ ಎಲ್ಲರಿಗೂ ಸಮೋಸ ತರಿಸಿದರು.

ಈಗ ಸೆಪ್ಟೆಂಬರ್. ರಾತ್ರಿಯೂ ಅಂಗಿ ಬೆನ್ನಿಗೆ ಅಂಟುವಷ್ಟು ಸೆಖೆ. ಕಿಟಕಿಯಾಚೆ ಕಾಣುವುದು ಎದುರು ಫ್ಲ್ಯಾಟಿನ ಏಸಿಗಳ ಸಾಲು. ಆ ಬೆಟ್ಟದಲ್ಲಿ ಈಗ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿರುತ್ತದೆ, ಉಸಿರು ಬಿಟ್ಟರೆ ಹೊಗೆಯ ಹಾಗೆ ಕಾಣುತ್ತದೆ. ನಿನ್ನೆ ಗೆಳೆಯ ಫೋನ್ ಮಾಡಿದ್ದ. ಎಲ್ಕುಗಳು ಕೂಗಲು ಶುರುಮಾಡಿವೆಯಂತೆ, ಮನೆಯ ಹಿಂದಿನವರೆಗೂ ಕೇಳುತ್ತದಂತೆ.

"ರೆಕಾರ್ಡ್ ಮಾಡಿ ಕಳಿಸಲಾ?" ಎಂದ.

ಬೇಡ ಎಂದೆ. ಕೇಳಿದರೆ ಸೆಪ್ಟೆಂಬರಿನ ಉಳಿದ ದಿನಗಳನ್ನು ಇಲ್ಲಿ ಕಳೆಯುವುದು ನನ್ನಿಂದಾಗುವುದಿಲ್ಲ.