ಅಟ್ಟೆಯ ಮೇಲಿನ ಅಪವಾದ

ಬೂಟು ಹೊಲಿಯುವ ಆ ಅಂಗಡಿಯಲ್ಲಿ ಮೇಲಿನ ಚರ್ಮ ತಮ್ಮನದು, ಕೆಳಗಿನ ಅಟ್ಟೆ ಅಣ್ಣನದು. ಬೂಟು ಚೆನ್ನಾಗಿದ್ದರೆ ತಮ್ಮನ ಕತ್ತರಿಯ ಗುಣ, ಎಲ್ಲಾದರೂ ಕಚ್ಚಿತೋ ಅಣ್ಣನ ಅಟ್ಟೆಯ ದೋಷ. ಈ ಕಾನೂನು ಮಾಡಿದವನು ತಮ್ಮನೇ. ಕಂಡದ್ದಕ್ಕೆಲ್ಲ ಟೇಪು ಹಿಡಿಯುವ ಅವನ ಚಾಳಿ ನೋಡಿ ಬೀದಿಯವರು ಅವನನ್ನು ಅಳತೆರಾಯ ಎನ್ನುತ್ತಿದ್ದರು. ಕಾಲುನೋವು ಎಂದು ಯಾರೇ ಬರಲಿ, ಅವನು ಕಾಲಿನ ಕಡೆ ನೋಡದೆ ಬೂಟನ್ನು ವಿಚಾರಣೆಗೆ ಎಳೆಯುತ್ತಿದ್ದ. ಕಾಲು ತಪ್ಪು ಮಾಡುವುದಿಲ್ಲ, ತಪ್ಪೆಲ್ಲ ಬೂಟಿನದು ಎಂಬುದು ಅಪ್ಪ ಕಲಿಸಿದ ಪಾಠ. ಆ ಅಪ್ಪನೂ ಕೊನೆಕೊನೆಗೆ ಬೂಟನ್ನು ಬೈದುಕೊಂಡೇ ಕುಂಟುತ್ತಿದ್ದ. ಒಂದು ದಿನ ಕೂತ ಜಾಗದಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ಹೀಗಿರುವಾಗ ಅಳತೆರಾಯನ ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿತು. ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವು. ಅವನು ತನ್ನ ಬೂಟನ್ನು ತಂದು ಅಣ್ಣನ ಮುಂದೆ ಕುಕ್ಕಿದ. ಅಣ್ಣ ಅಟ್ಟೆ ಕಿತ್ತು ಹೊಸದು ಹಾಕಿದ. ನೋವು ಹೋಗಲಿಲ್ಲ. ಮೆತ್ತನೆಯದು ಹಾಕಿದ. ಆಗಲೂ ಹೋಗಲಿಲ್ಲ. ಕಡೆಗೆ ಅಳತೆರಾಯ ಗಿರಾಕಿಗಳ ಎದುರೇ, "ನಿನ್ನ ಕೈಗೆ ವಯಸ್ಸಾಯ್ತು ಬಿಡಣ್ಣ" ಅಂದುಬಿಟ್ಟ. ಆಮೇಲೆ ಅಂಗಡಿಯಲ್ಲಿ ಮಾತೆಲ್ಲ ಅಣ್ಣನ ಸುತ್ತಿಗೆಯದೇ.

ಮನೆಯಲ್ಲಿ ಹೆಂಡತಿ ಈ ಪುರಾಣ ಕೇಳಿ ಕೇಳಿ ಬೇಸತ್ತಿದ್ದಳು. "ಬರಿಗಾಲಲ್ಲೂ ನೋಯುತ್ತಲ್ಲ, ಆಗ ಯಾರ ಅಟ್ಟೆ ರೀ?" ಎಂದವಳೇ ಅವನನ್ನು ಡಾಕ್ಟರ ಬಳಿ ಎಳೆದೊಯ್ದಳು.

ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಯೂರಿಕ್ ಆಸಿಡ್ ಏರಿತ್ತು. ಅದು ಹರಳುಗಟ್ಟಿ ಬೆರಳಿನ ಕೀಲಿನಲ್ಲಿ ಕೂತಿದೆ ಎಂದರು ಡಾಕ್ಟರು. ಬಿಪಿಯನ್ನೂ ನೋಡಿದರು, ಅದೂ ಮೇಲೆ. ಕಾಲ್ಬೆರಳಿನ ಜಗಳಕ್ಕೆ ಮೇಲಿನವರನ್ನೆಲ್ಲ ಯಾಕೆ ಕರೆಯುತ್ತೀರಿ ಎಂದು ಅಳತೆರಾಯ ತಕರಾರು ತೆಗೆದ.

"ಯೂರಿಕ್ ಆಸಿಡ್ ಜಾಸ್ತಿ ಇದ್ದವರಿಗೆಲ್ಲ ಹೃದಯದ ಕಾಯಿಲೆ ಬಂದೇ ಬರುತ್ತೆ ಅಂತಲ್ಲ," ಎಂದರು ಡಾಕ್ಟರು. "ಆದ್ರೆ ಅಪಾಯ ಹೆಚ್ಚು. ಜೊತೆಗೆ ಬಿಪಿ ಬೇರೆ ಇದೆ. ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?"

ಅಪ್ಪನ ಕಥೆ ಕೇಳಿ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಒಡಹುಟ್ಟಿದವರಿದ್ದರೆ ಅವರನ್ನೂ ಕರೆತರಲು ಹೇಳಿದರು.

ಕ್ಷಮೆ ಕೇಳದೆ ಅಣ್ಣನನ್ನು ಹೊರಡಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಅಳತೆರಾಯ ಅಂಗಡಿಗೆ ಬಂದ. ಅಣ್ಣ ಅಪ್ಪನ ಜಾಗದಲ್ಲೇ ಕೂತಿದ್ದ. ಬೂಟಿಲ್ಲದೆ ಹೊಸ್ತಿಲು ದಾಟದ ಆ ಮನುಷ್ಯನ ಕಾಲಲ್ಲಿ ರಬ್ಬರ್ ಚಪ್ಪಲಿ, ಬೆರಳಿಗೆ ತಾಗದಂತೆ ಬಲಗಡೆಯ ಪಟ್ಟಿ ಕತ್ತರಿಸಿಕೊಂಡಿದ್ದ. ಅದರಾಚೆ ಕೆಂಪಗೆ ಊದಿದ ಹೆಬ್ಬೆರಳು.

"ಯಾವಾಗಿಂದ ಅಣ್ಣ?"

"ನಿನಗಿಂತ ಮೊದಲೇ. ನೋವು ಅಂತ ಬಾಯಿಬಿಟ್ಟಿದ್ರೆ ನನ್ನ ಅಟ್ಟೆ ಕೆಟ್ಟದ್ದು ಅಂತ ನಾನೇ ಒಪ್ಪಿಕೊಂಡ ಹಾಗೆ ಆಗ್ತಿತ್ತಲ್ಲ."

ಅಳತೆರಾಯನಿಗೆ ಅಳುವೇ ಬಂತು. ಅಟ್ಟೆ ಸರಿಯಾಗಿತ್ತು, ತಪ್ಪು ತನ್ನದೇ, ಈಗಲೇ ಎದ್ದು ಪರೀಕ್ಷೆಗೆ ರಕ್ತ ಕೊಟ್ಟು ಬರೋಣ ಎಂದು ಬೇಡಿಕೊಂಡ. ಅಣ್ಣ ಅಲುಗಲಿಲ್ಲ.

"ಅವತ್ತು ಬೈದಾಗ ಗಿರಾಕಿಗಳಿದ್ರು," ಎಂದ.

ಅಳತೆರಾಯ ಕುಂಟುತ್ತ ಬಾಗಿಲಿಗೆ ಹೋದ. ನಮ್ಮಣ್ಣನ ಅಟ್ಟೆಯಲ್ಲಿ ಎಳ್ಳಷ್ಟೂ ದೋಷವಿಲ್ಲ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. ತಿರುಗಿ ನೋಡಿದರೆ ಅಣ್ಣ ಆಗಲೇ ಎದ್ದು, ಆಸರೆಗೆಂದು ಅವನ ಹೆಗಲಿಗೆ ಕೈ ಚಾಚಿ ನಿಂತಿದ್ದ.